ಹೊಲಿಗೆ ದುಡ್ಡಲ್ಲಿ ಒಂದು ನಾಯಿ, ಒಂದು ಬೆಕ್ಕು

ಹಾಸನದಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಬ್ಲೌಸು, ಫಾಲ್ಸು, ಸ್ಕೂಲ್ ಯೂನಿಫಾರ್ಮು. ಜೂನ್ ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ. ಆಷಾಢ ಬಂತೆಂದರೆ ಮದುವೆಯೂ ಇಲ್ಲ, ಬ್ಲೌಸೂ ಇಲ್ಲ. ಇಂಥ ದುಡಿಮೆಯಲ್ಲಿ ಕರಿಯ ಅನ್ನೋ ನಾಟಿ ನಾಯಿ, ಚಿನ್ನಿ ಅನ್ನೋ ಬೆಕ್ಕು ಎರಡನ್ನೂ ಐದು ವರ್ಷದಿಂದ ಸಾಕುತ್ತಿದ್ದೇನೆ. "ನಿಮ್ಗೇ ಕಷ್ಟ, ಇವಕ್ಕೆ ಎಲ್ಲಿಂದ ತರ್ತೀರಕ್ಕಾ?" ಅಂತ ಅಳತೆ ಕೊಡಲು ಬಂದವರು ಕೇಳುತ್ತಾರೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಇವರಿಬ್ಬರ ಲೆಕ್ಕವೂ ಇದೆ. ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕರಿಯನಿಗಿಂತ ಮುಂಚೆ ಒಂದು ನಾಯಿಮರಿ ಇತ್ತು. ರೋಗ ಬಾರದ ಹಾಗೆ ಲಸಿಕೆ ಸೂಜಿ ಹಾಕಿಸಲು ಆರುನೂರು ರೂಪಾಯಿ ಆಗುತ್ತೆ ಅಂದರು. ಅದು ಆಷಾಢ. ಮುಂದಿನ ತಿಂಗಳು ನೋಡೋಣ ಅಂದುಕೊಂಡೆ. ಮುಂದಿನ ತಿಂಗಳು ಬರುವ ಮುಂಚೆ ಪಾರ್ವೊ ಅನ್ನೋ ವೈರಸ್ ಕಾಯಿಲೆ ಬಂತು. ವಾಂತಿ, ರಕ್ತಭೇದಿ. ನಾಲ್ಕು ದಿನ ಡ್ರಿಪ್ ಹಾಕಿಸಿದೆವು. ಆರುನೂರು ಉಳಿಸಲು ಹೋಗಿ ನಾಲ್ಕು ಸಾವಿರಕ್ಕೂ ಜಾಸ್ತಿ ಹೋಯಿತು. ಮರಿಯೂ ಉಳಿಯಲಿಲ್ಲ.

ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ. ಇಡೀ ಮನೆಯನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ತೊಳೆದು, ಒಂದು ವರ್ಷ ಬಿಟ್ಟೇ ಕರಿಯನನ್ನು ತಂದೆ. ಅವನಿಗಾಗ ಎರಡು ತಿಂಗಳು. ತಂದ ದಿನವೇ ಮೊದಲ ಸೂಜಿ, ತಿಂಗಳಾದ ಮೇಲೆ ಇನ್ನೊಂದು. ಎರಡೂ ಮುಗಿಯುವ ತನಕ ಬೀದಿಗೆ ಬಿಡಲಿಲ್ಲ. ಈಗ ಒಂದೊಂದು ಬ್ಲೌಸಿನಿಂದ ಐದೈದು ರೂಪಾಯಿ ತೆಗೆದು ಡಬ್ಬಿಗೆ ಹಾಕುತ್ತೇನೆ. ತಿಂಗಳಿಗೆ ಇನ್ನೂರು, ಇನ್ನೂರೈವತ್ತು ಆಗುತ್ತೆ. ಸೂಜಿ, ಜಂತುಹುಳದ ಮಾತ್ರೆ, ಉಣ್ಣಿ ಔಷಧಿ ಬಿಟ್ಟು ಬೇರೆ ಯಾವುದಕ್ಕೂ ಆ ಡಬ್ಬಿ ತೆಗೆಯುವುದಿಲ್ಲ. ಗ್ಯಾಸ್ ಖಾಲಿಯಾದಾಗಲೂ ಇಲ್ಲ.

ರೇಬೀಸ್ ಸೂಜಿಗೆ ಮಾತ್ರ ನಾನು ದುಡ್ಡು ಕೊಡುವುದಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಕರಿಯನಿಗೆ ಪ್ರತಿ ವರ್ಷ ಅಲ್ಲೇ. ಬೆಳಗ್ಗೆ ಬೇಗ ಹೋಗಬೇಕು, ಇಲ್ಲದಿದ್ದರೆ ಸಾಲಿನಲ್ಲಿ ನಾಯಿ ನಾಯಿಗೇ ಜಗಳ ಹತ್ತಿಕೊಳ್ಳುತ್ತೆ.

ಊಟದ ಖರ್ಚು ಜನ ಹೆದರುವಷ್ಟಿಲ್ಲ. ಪ್ಯಾಕೆಟ್ ತಿಂಡಿ ನಮ್ಮ ಮನೆಗೆ ಬಂದೇ ಇಲ್ಲ. ಕೋಳಿ ಅಂಗಡಿಯವರು ಕಾಲು, ಕತ್ತು, ಗುಂಡಿಗೆ ಎತ್ತಿಟ್ಟಿರುತ್ತಾರೆ. ವಾರಕ್ಕೆ ಎರಡು ಸಲ ತಂದು ಕುಕ್ಕರಿನಲ್ಲಿ ಬೇಯಿಸುತ್ತೇನೆ. ಆ ನೀರಲ್ಲೇ ಕರಿಯನಿಗೆ ರಾಗಿ ಅಂಬಲಿ ಕಾಯಿಸಿ, ಒಂದು ಹಿಡಿ ಅನ್ನ, ಒಂದು ಚೂರು ಸಿಹಿಗುಂಬಳ ಸೇರಿಸುತ್ತೇನೆ. ಉಪ್ಪಿಲ್ಲ, ಖಾರವಿಲ್ಲ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳು ಚುಚ್ಚುತ್ತೆ, ಹಾಗಾಗಿ ಕೂತು ಒಂದೊಂದೇ ಆರಿಸಿ ತೆಗೆಯಬೇಕು. ಬೇಜಾರಿನ ಕೆಲಸ. ಟಿವಿ ನೋಡುತ್ತಾ ಮಾಡಿಬಿಡುತ್ತೇನೆ.

ಮನೆಯಲ್ಲಿ ಉಳಿದ ಸಾರು ಅನ್ನ ಹಾಕಿದರೆ ಖರ್ಚೇ ಇಲ್ಲವಲ್ಲ ಅಂತ ನನಗೂ ಅನಿಸಿತ್ತು. ಆದರೆ ನಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ದಿನ ಯಾವುದು ಹೇಳಿ? ಎರಡೂ ನಾಯಿ ಬೆಕ್ಕುಗಳ ರಕ್ತ ಕೆಡಿಸುತ್ತವೆ. ಪಾಯಸದ ದ್ರಾಕ್ಷಿಯೂ ಆಗದು, ಅದು ನಾಯಿಯ ಕಿಡ್ನಿಗೆ ಹೊಡೆತ.

ಚಿನ್ನಿಯ ಲೆಕ್ಕವೇ ಬೇರೆ. ಬೆಕ್ಕಿಗೆ ಹಾಲು ಅನ್ನ ಸಾಕು ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ಸಾಲದು. ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು, ಅದು ಹೆಚ್ಚಾಗಿ ಮಾಂಸ ಮೀನಿನಲ್ಲೇ ಸಿಗುತ್ತೆ. ಇಲ್ಲದಿದ್ದರೆ ಕಣ್ಣು ಮಂಜಾಗುತ್ತೆ, ಹೃದಯ ಸೋಲುತ್ತೆ. ಕೋಳಿ ಗುಂಡಿಗೆಯಲ್ಲಿ ಅದು ಚೆನ್ನಾಗಿದೆ, ಬೆಲೆಯೂ ಕಡಿಮೆ. ಬೇಯಿಸಿದ ನೀರಿಗೆ ಇಳಿದುಬಿಡುವುದರಿಂದ ಆ ನೀರನ್ನೂ ತಟ್ಟೆಗೆ ಸುರಿಯುತ್ತೇನೆ. ಹಾಲು ನಿಲ್ಲಿಸಿದ ಮೇಲೆ ಅವಳ ಭೇದಿಯೂ ನಿಂತಿತು.

ಉಣ್ಣಿ ವಿಷಯದಲ್ಲಿ ಮತ್ತೆ ಜಿಪುಣತನ ಮಾಡಿ ಸಿಕ್ಕಿಬಿದ್ದೆ. ಕರಿಯನಿಗೆ ಉಣ್ಣಿ ಹತ್ತಿದಾಗ ಬೇವಿನ ನೀರು, ಕೊಬ್ಬರಿ ಎಣ್ಣೆ ಅಂತ ಎರಡು ತಿಂಗಳು ತಳ್ಳಿದೆ. ಕಿತ್ತಷ್ಟೂ ಬರುತ್ತಿದ್ದವು. ನಾಯಿ ಮೈಮೇಲೆ ಕಾಣುವುದು ಸ್ವಲ್ಪ, ಉಳಿದವೆಲ್ಲ ಗೋಡೆ ಬಿರುಕಿನಲ್ಲಿ, ಬಾಗಿಲ ಸಂದಿಯಲ್ಲಿ ಇರುತ್ತವೆ ಅಂತ ಆಮೇಲೆ ಗೊತ್ತಾಯಿತು. ಒಂದು ದಿನ ಕರಿಯ ಊಟ ಬಿಟ್ಟ. ಒಸಡು ಬೆಳ್ಳಗಾಗಿತ್ತು. ಉಣ್ಣಿ ಜ್ವರ. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚು. ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ, ಕಾಯಬೇಕಾಗುತ್ತೆ, ಅಷ್ಟೇ. ಡಾಕ್ಟರು ನಾಲ್ಕು ವಾರಕ್ಕೆ ಡಾಕ್ಸಿಸೈಕ್ಲಿನ್ ಬರೆದರು. ಮನುಷ್ಯರು ತಿನ್ನುವ ಮಾತ್ರೆಯೇ. "ಜನೌಷಧಿ ಕೇಂದ್ರದಲ್ಲಿ ತಗೋಬಹುದಾ ಸಾರ್?" ಅಂತ ಕೇಳಿದೆ. "ತಗೊಳ್ಳಿ ಅಮ್ಮ, ಔಷಧಿ ಅದೇ" ಅಂದರು. ಮೆಡಿಕಲ್ ಶಾಪಿನಲ್ಲಿ ಕೊಡುತ್ತಿದ್ದುದರ ಅರ್ಧ ದುಡ್ಡೂ ಆಗಲಿಲ್ಲ. ಈ ಪ್ರಶ್ನೆಯನ್ನು ಈಗ ಪ್ರತಿ ಸಲವೂ ಕೇಳುತ್ತೇನೆ. ಹಾಗಂತ ಡಾಕ್ಟರನ್ನು ಕೇಳದೆ ನಮ್ಮ ಮಾತ್ರೆ ಕೊಡಬಾರದು. ಅರ್ಧ ಪ್ಯಾರಾಸಿಟಮಾಲ್ ಸಾಕು, ಬೆಕ್ಕು ಸಾಯುತ್ತೆ. ನಾಯಿಯ ಉಣ್ಣಿ ಔಷಧಿಯನ್ನು ಬೆಕ್ಕಿಗೆ ಹಚ್ಚುವುದೂ ಅಷ್ಟೇ ಅಪಾಯ.

ಹಾಸಿಗೆಗೆ ಮಾತ್ರ ಒಂದು ಪೈಸೆ ಖರ್ಚಿಲ್ಲ. ಹಳೆ ದಿಂಬಿನ ಕವರಿಗೆ ಕತ್ತರಿಸಿ ಉಳಿದ ಬಟ್ಟೆ ಚೂರು ತುಂಬಿ ಹೊಲಿದುಬಿಡುತ್ತೇನೆ. ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ಅದ್ದಿದರೆ ಉಣ್ಣಿಗೂ ಜಾಗವಿಲ್ಲ.

ಆದರೆ ನನ್ನ ಕಸುಬೇ ಚಿನ್ನಿಗೆ ಕುತ್ತಾಗಿತ್ತು. ಎರಡು ವರ್ಷದ ಹಿಂದೆ ಅವಳು ಜೊಲ್ಲು ಸುರಿಸುತ್ತಾ ಮೂಲೆಯಲ್ಲಿ ಕೂತಿದ್ದಳು. ಬಾಯಿ ಬಿಡಿಸಿ ನೋಡಿದರೆ ನಾಲಿಗೆ ಬುಡಕ್ಕೆ ಕೆಂಪು ದಾರ ಸುತ್ತಿಕೊಂಡು ಇನ್ನೊಂದು ತುದಿ ಗಂಟಲೊಳಗೆ ಹೋಗಿತ್ತು. ನಾನು ಎಳೆಯಲು ಕೈ ಹಾಕಿದ್ದೆ. ಅಷ್ಟರಲ್ಲಿ ಮಗಳು ಆಸ್ಪತ್ರೆಗೆ ಫೋನ್ ಮಾಡಿದ್ದಳು, ಆ ಕಡೆಯಿಂದ "ಎಳೀಬೇಡಿ!" ಅಂತ ಕೂಗಿದ್ದು ನನಗೂ ಕೇಳಿಸಿತು. ನಾವು ನೆರಿಗೆ ಹಿಡಿಯುವಾಗ ದಾರ ಎಳೆದರೆ ಬಟ್ಟೆ ಮುದುಡುತ್ತಲ್ಲ, ಕರುಳೂ ಹಾಗೇ ಮುದುಡಿ ಹರಿಯುತ್ತಂತೆ. ಹಿಂದಿನಿಂದ ದಾರ ನೇತಾಡಿದರೂ ಎಳೆಯಬಾರದು. ಡಾಕ್ಟರು ನಾಲಿಗೆ ಬುಡದಲ್ಲಿ ದಾರ ಕತ್ತರಿಸಿ, ಎಕ್ಸ್‌ರೇ ತೆಗೆದು ಸೂಜಿ ಇಲ್ಲ ಅಂತ ನೋಡಿದರು. ಎರಡು ದಿನ ಅಲ್ಲಿಗೂ ಮನೆಗೂ ಓಡಾಡಿದೆವು. ಮೂರನೇ ದಿನ ದಾರ ತಾನಾಗೇ ಹೊರಬಂತು. ಆಪರೇಷನ್ ತಪ್ಪಿತು. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ ಅಂತಲೂ ಹೇಳಿ ಕಳಿಸಿದರು.

ಅದೇ ಓಡಾಟದಲ್ಲಿ, ಅವಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವುದಕ್ಕೂ ದಿನ ಗೊತ್ತುಮಾಡಿಕೊಂಡು ಬಂದೆ. ಮೊದಲ ಸಲ ಹಾಕಿದ ನಾಲ್ಕು ಮರಿಗಳಿಗೆ ಮನೆ ಹುಡುಕಲು ಮೂರು ತಿಂಗಳು ಪಟ್ಟ ಪಾಡು ಸಾಕಾಗಿತ್ತು.

ಈಗ ದಾರದ ರೀಲುಗಳೆಲ್ಲ ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿವೆ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ನೆಲದ ಮೇಲೆ ಅಯಸ್ಕಾಂತ ಆಡಿಸಿ, ಬಿದ್ದ ಸೂಜಿ ಪಿನ್ನು ಎಲ್ಲ ಎತ್ತುತ್ತೇನೆ. ಚಿನ್ನಿ ಮೆಷಿನ್ ಮೇಲೆ ಕೂತು ಅದನ್ನೇ ನೋಡುತ್ತಿರುತ್ತಾಳೆ.