ಹಾರ್ಲಿಕ್ಸ್ ಬಾಟಲಿ ತುಂಬ ಇಲಿ ಬುರುಡೆ: ಕಣಜಗೂಬೆ ಮರಿ ಸಾಕಿ ಬಿಟ್ಟ ನನ್ನ ಅನುಭವ

ಕೈತುತ್ತು ತಿಂದು ಬೆಳೆದ ಕಣಜಗೂಬೆ (ಬಾರ್ನ್ ಔಲ್) ಬೇಟೆಯಾಡಲ್ಲ, ಬಿಟ್ಟ ವಾರದಲ್ಲೇ ಹಸಿದು ಸಾಯುತ್ತೆ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರಿಗೆ ತೋರಿಸೋಕೆ ಈಗ ನನ್ನ ಹತ್ತಿರ ಹಳೇ ಹಾರ್ಲಿಕ್ಸ್ ಬಾಟಲಿಯೊಂದರ ತುಂಬ ಇಲಿಗಳ ತಲೆಬುರುಡೆ ಇದೆ. ಶ್ರೀರಂಗಪಟ್ಟಣದ ಹತ್ತಿರದ ಒಂದು ತೆಂಗಿನ ತೋಟದಲ್ಲಿ, ನಾನು ಬಿಟ್ಟ ಹಕ್ಕಿಗಳು ಕೂರುವ ಮರದ ಬುಡದಲ್ಲಿ ಆಯ್ದದ್ದು.

ಮರಿ ನಮ್ಮ ಕೈಗೆ ಬರುವ ದಾರಿ ನಿಮಗೂ ಗೊತ್ತಿರುವುದೇ. ಮೈಸೂರಿನ ಅಪಾರ್ಟ್‌ಮೆಂಟಿನ ಡಕ್ಟಿನಲ್ಲಿ ಗೂಡು, ರಾತ್ರಿಯೆಲ್ಲ ಮರಿಗಳ ಬುಸ್ ಬುಸ್, "ಸಾರ್, ಹಾವು ಸೇರ್ಕೊಂಡಿದೆ" ಅಂತ ಫೋನು. ತಂದೆತಾಯಿ ಗೂಬೆ ಓಡಾಡುತ್ತಿದ್ದರೆ ಎರಡು ತಿಂಗಳು ತಡೆದುಕೊಳ್ಳಿ ಅಂತ ಸೆಕ್ರೆಟರಿಯ ಕೈಕಾಲು ಹಿಡಿಯುವುದೇ ಮೊದಲ ಕೆಲಸ. ಅರ್ಧಕ್ಕರ್ಧ ಕಡೆ ಒಪ್ಪುತ್ತಾರೆ. ಉಳಿದ ಕಡೆ ಗೂಡನ್ನು ಆಗಲೇ ಕಸದ ಚೀಲಕ್ಕೆ ತುಂಬಿ, ಡಕ್ಟಿಗೆ ಬಲೆ ಬಡಿದು ಆಮೇಲೆ ಫೋನು ಮಾಡಿರುತ್ತಾರೆ. ನಾನು ಬರೆಯುತ್ತಿರುವುದು ಆ ಮರಿಗಳ ವಿಷಯ. ಅರಣ್ಯ ಇಲಾಖೆಗೆ ತಿಳಿಸಿ ಕಾಗದ ಮಾಡಿಸಿಕೊಂಡೇ ಇಟ್ಟುಕೊಳ್ಳಿ. 1972ರ ವನ್ಯಜೀವಿ ಕಾಯ್ದೆಗೆ ನಮ್ಮ ಪ್ರಾಣಿಪ್ರೀತಿ ಕಾಣಲ್ಲ. ದೀಪಾವಳಿ ಹತ್ತಿರವಂತೂ ಮನೆಯಲ್ಲಿ ಗೂಬೆ ಇದೆ ಅಂದರೆ ಮಾಟದವರಿಗೆ ಮಾರುವ ಗಿರಾಕಿ ಅಂತಲೇ ಅನುಮಾನ.

ಮೊದಲ ಸೀಸನ್ನಿನಲ್ಲಿ ಎಲ್ಲರ ಹಾಗೆ ಕೋಳಿ ಅಂಗಡಿಯ ಎಲುಬಿಲ್ಲದ ಮಾಂಸಕ್ಕೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಟ್ಟೆ. ತೂಕ ಸರಸರ ಏರಿತು. ಮೂರನೇ ವಾರಕ್ಕೆ ಕಾಲು ಅಗಲವಾಗಿ ಜಾರತೊಡಗಿತು, ರೆಕ್ಕೆಯ ಮೂಳೆ ಮುಟ್ಟಿದರೆ ಮೆತ್ತಗೆ. ಆ ಮರಿಗಳು ಉಳಿಯಲಿಲ್ಲ. ಗೂಬೆಗೆ ಬೇಕಾದ್ದು ಇಡೀ ಪ್ರಾಣಿ: ಮೂಳೆ, ಕರುಳು, ಕೂದಲು ಎಲ್ಲ ಸೇರಿ. ಕೂದಲು, ಮೂಳೆ ಹೊಟ್ಟೆಗೆ ಹೋಗದಿದ್ದರೆ ಪೆಲೆಟ್, ಅಂದರೆ ಅರಗದ ಕೂದಲು ಮೂಳೆಯ ಉಂಡೆ, ಉಗುಳುವ ಅಭ್ಯಾಸವೂ ಆಗಲ್ಲ.

ಸರಿ, ಇಲಿ ಎಲ್ಲಿಂದ? ಬಿಳಿ ಇಲಿ ಕೊಂಡರೆ ಒಂದಕ್ಕೆ ನಲವತ್ತು ಐವತ್ತು ರೂಪಾಯಿ. ನಾನೇ ಸಾಕುತ್ತೇನೆ ಅಂತ ಟಬ್ಬುಗಳಲ್ಲಿ ಶುರು ಮಾಡಿದೆ. ಮೂರು ವಾರಕ್ಕೊಂದು ಹೆರಿಗೆ, ಕಾಗದದ ಮೇಲೆ ಲೆಕ್ಕ ಬಲು ಸೊಗಸು. ಆದರೆ ಗಬ್ಬುನಾತ! ಅಮ್ಮ ಹಬ್ಬಕ್ಕೆ ಮೊದಲು "ಅವು ಇರಬೇಕು, ಇಲ್ಲಾ ನಾನಿರಬೇಕು" ಅಂದ ಮೇಲೆ ಮುಚ್ಚಿದೆ. ಸುಮಾರು ಏಳೆಂಟು ಸಾವಿರ ಕೈಬಿಟ್ಟಿತು. ರೈತರು ಪ್ರೀತಿಯಿಂದ ತಂದುಕೊಡುವ ಸತ್ತ ಇಲಿಯನ್ನು ಮಾತ್ರ ಮುಟ್ಟಬೇಡಿ. ಪಾಷಾಣ ತಿಂದಿರುವ ಇಲಿ ಗೂಬೆಯನ್ನೂ ತೆಗೆಯುತ್ತೆ. ಪಾರಿವಾಳವೂ ಬೇಡ. ನನ್ನ ಸ್ನೇಹಿತರೊಬ್ಬರ ಮರಿಗಳಿಗೆ ಅದರಿಂದಲೇ ಬಾಯೊಳಗೆ ಹಳದಿ ಗಡ್ಡೆ ಎದ್ದು, ಔಷಧ ಕೊಟ್ಟರೂ ಒಂದೇ ಉಳಿಯಿತು.

ಕೊನೆಗೆ ದಾರಿ ತೋರಿಸಿದ್ದು ಹ್ಯಾಚರಿ. ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳು ಅವರಿಗೆ ಬೇಡ. ಒಂದಕ್ಕೆ ಐದಾರು ರೂಪಾಯಿಯಂತೆ, ಒಂದು ದಿನದ ಮರಿಗಳನ್ನು ಸತ್ತ ಮೇಲೆ ಕೊಡುತ್ತಾರೆ. ಹಳೇ ಡೀಪ್ ಫ್ರೀಜರ್ ಒಂದನ್ನು ಆರು ಸಾವಿರಕ್ಕೆ ಹಿಡಿದೆ. ಒಂದು ಗೂಬೆ ಮರಿಗೆ ದಿನಕ್ಕೆ ಮೂರು, ಜೋರಾಗಿ ಬೆಳೆಯುವಾಗ ನಾಲ್ಕು. ಗೂಬೆ ಮರಿ ಸ್ವಲ್ಪ ದೊಡ್ಡದಾದ ಮೇಲೆ ಕೋಳಿಮರಿಯ ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿ ತೆಗೆದು ಕೊಡಿ, ಹಿಕ್ಕೆ ಕಡಿಮೆ ನಾರುತ್ತೆ. ವಾರಕ್ಕೆರಡು ಸಲ ಇಲಿ ಇರಲೇಬೇಕು, ಬರೀ ಕೋಳಿಮರಿ ಸಾಲದು.

ಕಣ್ಣು ತೆರೆಯದ ಮರಿ ಬಾಯಿ ಬಿಡಲ್ಲ ಅಂತ ಬಲವಂತವಾಗಿ ಕೊಕ್ಕು ಅಗಲಿಸುತ್ತಾರೆ. ಬೇಡ. ಕೊಕ್ಕಿನ ಪಕ್ಕದಲ್ಲಿ ಮೀಸೆಯ ಹಾಗೆ ಸಣ್ಣ ಬಿರುಗೂದಲಿದೆ ನೋಡಿ, ಮಾಂಸದ ಚೂರನ್ನು ಅಲ್ಲಿಗೆ ತಾಗಿಸಿ, ಕೆಳದನಿಯಲ್ಲಿ ಕಿಟಕಿಟ ಅನ್ನಿ. ತಲೆ ತಿರುಗಿಸಿ ಕಚ್ಚುತ್ತೆ. ಚೂರನ್ನು ನಾನು ಯಾವುದರಲ್ಲಿ ಅದ್ದಿ ಕೊಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮನುಷ್ಯರಿಗೆ ಹೊಂದಿಕೊಳ್ಳದಿರಲಿ ಅಂತ ಬಿಳಿ ಟವೆಲ್ಲಿನಲ್ಲಿ ಗೂಬೆ ಮುಖದ ಕೈಗೊಂಬೆ ಹೊಲಿಸಿದ್ದೂ ಉಂಟು. ಟೈಲರ್ ಮುನ್ನೂರು ತಗೊಂಡ. ಮರಿಗಳು ಅದರ ಕಣ್ಣಿನ ಗುಂಡಿ ಕಿತ್ತು ನುಂಗಿ, ಮಾರನೇ ದಿನ ಪೆಲೆಟ್ಟಿನ ಜೊತೆ ಉಗುಳಿದವು. ಗೊಂಬೆ ದಂಡ. ಎರಡು ಮೂರು ಮರಿ ಒಟ್ಟಿಗಿರಬೇಕು, ಮೂರನೇ ವಾರದ ನಂತರ ಊಟ ಕತ್ತಲಲ್ಲಿ ಗೂಡಿನ ಕಿಂಡಿಯಿಂದ ಬೀಳಬೇಕು, ಯಾರೂ ಮಾತಾಡಬಾರದು. ಅಷ್ಟು ಸಾಕು.

ಪಂಜರ ಸುಮಾರು ಇಪ್ಪತ್ತು ಅಡಿ ಉದ್ದ. ಮೊದಲು ಕಬ್ಬಿಣದ ಜಾಲರಿ ಹಾಕಿಸಿದ್ದೆ, ರೆಕ್ಕೆಗರಿಯೆಲ್ಲ ಮುರಿದವು. ಈಗ ಬಿದಿರು ದಬ್ಬೆಗಳನ್ನು ನೆಟ್ಟಗೆ ಕಟ್ಟಿದ್ದೇನೆ. ಬೇಟೆ ಕಲಿಸಲು ಬೋನಿಗೆ ಬಿದ್ದ ಇಲಿ ಬಿಟ್ಟರೆ ಮರಿಗಳು ಸುಮ್ಮನೆ ಕೂತು ನೋಡುತ್ತಿದ್ದವು. ಸಿಮೆಂಟು ನೆಲದ ಮೇಲೆ ಇಲಿ ಓಡಿದರೆ ಸದ್ದೆಲ್ಲಿ? ಈ ಹಕ್ಕಿ ಹಿಡಿಯುವುದು ಕಿವಿಯಿಂದ. ಒಂದು ಕಿವಿ ಮೇಲೆ, ಒಂದು ಕೆಳಗೆ ಇರುವುದು ಸುಮ್ಮನಲ್ಲ. ನೆಲದ ಮೇಲೆ ಮೊಣಕಾಲುದ್ದ ಕಬ್ಬಿನ ಒಣ ತರಗು ಸುರಿದೆ. ಮೂರ್ನಾಲ್ಕು ರಾತ್ರಿಯಲ್ಲಿ ದೊಡ್ಡ ಮರಿ ತರಗಿನೊಳಗೆ ಕಾಲು ಹಾಕಿ ಇಲಿ ಎತ್ತಿತು. ಅದನ್ನು ನೋಡಿ ಉಳಿದವೂ ಕಲಿತವು. ತರಗು ಪುಕ್ಕಟೆ.

ಬಿಡಲು ಭತ್ತದ ಗದ್ದೆಗೆ ಅಂಟಿಕೊಂಡ ತೋಟ ಬೇಕಿತ್ತು. ತೋಟದವರು ಮೊದಲು, "ಏನಣ್ಣ, ಊರೆಲ್ಲ ಬುಟ್ಟು ನಮ್ ತೋಟಕ್ಕೇ ಗೂಬೆ ತಂದಿದ್ದೀಯಲ್ಲ, ನಮ್ಮವ್ವ ನೋಡುದ್ರೆ ಪೊರ್ಕೆ ತಕತಾಳೆ" ಅಂದರು. ರಾತ್ರಿಗೆ ಮೂರು ಇಲಿ ಅಂದರೂ ಲೆಕ್ಕ ಹಾಕಿ ಅಂದೆ. ಆ ವರ್ಷ ಇಲಿ ಭತ್ತದ ತೆನೆಯನ್ನೆಲ್ಲ ಕತ್ತರಿಸಿ ಹಾಕಿತ್ತು. ಪಾಷಾಣ ಇಡಲ್ಲ ಅಂತ ಮಾತು ಕೊಟ್ಟು ಒಪ್ಪಿದರು.

ಹಳೇ ಪ್ಲೈವುಡ್ಡಿನ ಪೆಟ್ಟಿಗೆ, ಎರಡೂವರೆ ಅಡಿ ಉದ್ದ, ಪಂಪ್‌ಹೌಸಿನ ಮೇಲೆ. ಬೇಟೆ ಕಲಿತ ಮರಿಗಳನ್ನು, ಮುಂದೆ ದಬ್ಬೆ ಹಾಕಿ ಒಂದು ವಾರ ಒಳಗಿಟ್ಟು, ಒಂದು ಸಂಜೆ ದಬ್ಬೆ ತೆಗೆದೆ. ಪೆಟ್ಟಿಗೆಯ ಮೇಲೆ ಊಟದ ಹಲಗೆ ಮುಂದುವರಿಸಬೇಕು. ನಾಲ್ಕು ದಿನ ಹಾಕಿ ನಿಲ್ಲಿಸುವವರದ್ದೇ ಹಕ್ಕಿ ಸಾಯುವುದು. ನಾನು ಒಂದೂವರೆ ತಿಂಗಳ ಹತ್ತಿರ ಹಾಕಿದೆ, ಸ್ಕೂಟರ್ ಪೆಟ್ರೋಲಿಗೇ ಎರಡು ಸಾವಿರ ಮೇಲಾಯಿತು.

ಬೇಟೆ ಶುರುವಾಯಿತಾ ಅಂತ ಗೊತ್ತಾಗಿದ್ದು ಪೆಲೆಟ್ಟಿನಿಂದ. ಮೊದಮೊದಲು ಉಂಡೆ ಬಿಡಿಸಿದರೆ ಮಾಸಲು ಹಳದಿ ತುಪ್ಪಳ, ಮೆತ್ತನೆ ಮೂಳೆ. ನಾನು ಹಾಕಿದ ಕೋಳಿಮರಿ. ಎರಡನೇ ವಾರದ ಕೊನೆಗೆ ಕಪ್ಪಗೆ ಮಿರುಗುವ ಗಟ್ಟಿ ಉಂಡೆಯೊಂದು ಸಿಕ್ಕಿತು. ನೀರಲ್ಲಿ ನೆನೆಸಿ ಬಿಡಿಸಿದೆ: ಬೂದು ಕೂದಲು, ಕಿತ್ತಳೆ ಬಣ್ಣದ ಬಾಚಿಹಲ್ಲಿನ ಬುರುಡೆ. ಆಮೇಲೆ ಸೊಂಡಿಲಿಯ ಚೂಪು ಮೂತಿಯೂ ಬಂತು. ತಿಂಗಳಾಗುವಷ್ಟರಲ್ಲಿ ಹಲಗೆಯ ಕೋಳಿಮರಿ ಬೆಳಗಿನವರೆಗೂ ಬಿದ್ದಿರುತ್ತಿತ್ತು, ಕಾಗೆ ಪಾಲು. ಮೂರರಲ್ಲಿ ಎರಡು ಈಗಲೂ ಅದೇ ಸಾಲಿನ ಮರಗಳಲ್ಲಿವೆ. ಮೂರನೆಯದು ಎತ್ತ ಹೋಯಿತೋ ಕಾಣಲಿಲ್ಲ.

ಇದರ ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಒಂಟಿಯಾಗಿ ಬಂದ ಮರಿಯನ್ನು, ಅದೇ ವಯಸ್ಸಿನ ಮರಿಗಳಿದ್ದ ಹಳೇ ಗೋದಾಮಿನ ಗೂಡಿಗೆ ಸೇರಿಸಿದೆ. ತಾಯಿ ಎಣಿಸಲಿಲ್ಲ, ಮೂಸಲಿಲ್ಲ, ತನ್ನದೇ ಎನ್ನುವಂತೆ ಉಣಿಸಿತು. ಖರ್ಚು ಸೊನ್ನೆ. ಗೂಡು ಗೊತ್ತಿದ್ದರೆ ನಾನು ಬರೆದ ಮೇಲಿನದ್ದೆಲ್ಲ ಬಿಟ್ಟು ಇದನ್ನೇ ಮಾಡಿ. ಗೂಡಿನ ಮರಿಗಳು ಮೊದಲೇ ನಾಲ್ಕೈದಿದ್ದರೆ ಮಾತ್ರ ಬೇಡ, ಚಿಕ್ಕದಕ್ಕೆ ಊಟ ಸಿಗಲ್ಲ.

ಫ್ರೀಜರ್, ಪಂಜರ ಬಿಟ್ಟು ಹಕ್ಕಿಯೊಂದಕ್ಕೆ ಮೂರು ಸಾವಿರದ ಆಚೆ ಈಚೆ ಬಿದ್ದಿದೆ. ಈ ಸಲ ಪೆಟ್ಟಿಗೆ ಖಾಲಿ ಇದೆ. ಒಂಟಿ ಮರಿ ಸಿಕ್ಕಿ, ಜೊತೆಗೆ ಇನ್ನೊಂದಿಲ್ಲದೆ ಪರದಾಡುವವರು ಇಲಾಖೆಯ ಕಾಗದದ ಜೊತೆ ಕಳಿಸಿ, ಜೋಡಿ ಮಾಡಿ ಬೆಳೆಸೋಣ. ಪೆಟ್ರೋಲು ನನ್ನದು, ಕೋಳಿಮರಿಯ ದುಡ್ಡು ನಿಮ್ಮದು.