ಹೊಳೆದಂಡೆಯ ಸಂಶೋಧನಾ ಕೇಂದ್ರ: ಖರ್ಚಿಗೆ ತಕ್ಕ ದತ್ತಾಂಶ ಸಿಗುತ್ತಿದೆಯೇ?

ರಂಗನತಿಟ್ಟಿನ ಆಸುಪಾಸಿನಲ್ಲಿ ಕಾವೇರಿಯ ನೀರು, ಮಳೆ, ಹಕ್ಕಿಗಳನ್ನು ದಾಖಲಿಸುವ ಸಣ್ಣ ಕೇಂದ್ರವಿದೆ ಎಂದುಕೊಳ್ಳಿ. ಮೊದಲು ಉಪಕರಣದ ಬೆಲೆಯನ್ನು ಅದರ ಬಾಳಿಕೆಯ ವರ್ಷಗಳಿಗೆ ಹಂಚಿ: 6 ಲಕ್ಷ ರೂಪಾಯಿ, 6 ವರ್ಷ ಎಂದರೆ ವರ್ಷಕ್ಕೆ 1 ಲಕ್ಷ. ಕಾವಲುಗಾರರ ಸಂಬಳ, ಬ್ಯಾಟರಿ, ಪೆಟ್ರೋಲ್, ದುರಸ್ತಿಗೆ 2.6 ಲಕ್ಷ ಸೇರಿಸಿದರೆ ಒಟ್ಟು 3.6 ಲಕ್ಷ. ಪುಕ್ಕಟೆ ಸಿಕ್ಕ ಜಾಗ, ವಿದ್ಯಾರ್ಥಿಗಳ ದುಡಿಮೆಗೂ ಬೆಲೆ ಕಟ್ಟಿ. ಇದನ್ನು ಬಿಟ್ಟರೆ ಕೇಂದ್ರ ಅಗ್ಗವೆಂದು ಸುಳ್ಳೇ ತೋರುತ್ತದೆ.

ಈಗ ವರ್ಷದ ಒಟ್ಟು ಖರ್ಚನ್ನು ಭಾಗಿಸುವುದು ದಾಖಲಾದ ದಿನಗಳಿಂದಲ್ಲ, ನಂಬಬಹುದಾದ ದಿನಗಳಿಂದ. ಸದ್ಯಕ್ಕೆ ಆ 3.6 ಲಕ್ಷವನ್ನೇ ಹಿಡಿದರೆ, 300 ದಿನ ಸರಿಯಿದ್ದಾಗ ದಿನಕ್ಕೆ 1,200 ರೂಪಾಯಿ. 240 ಇದ್ದರೆ 1,500.

ಎಡವುವುದು ಇಲ್ಲೇ. ಮಳೆಮಾಪಕದ ಆಲಿಕೆಯಲ್ಲಿ ಎಲೆ, ಹಿಕ್ಕೆ ಕಟ್ಟಿಕೊಂಡರೆ ಯಂತ್ರ ನಿಲ್ಲುವುದಿಲ್ಲ, ಕಡಿಮೆ ಮಳೆ ಬರೆಯುತ್ತ ಹೋಗುತ್ತದೆ. ಇಂಥ ಮಾಪಕದಲ್ಲಿ ಆಲಿಕೆಯ ಕೆಳಗಿನ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚಿ ಒಂದು ಎಣಿಕೆ ಬರೆಯುತ್ತದೆ. ಆಲಿಕೆಯ ವ್ಯಾಸ 20 ಸೆಂ.ಮೀ., ಪ್ರತಿ ಮಗುಚುವಿಕೆಗೆ 0.2 ಮಿ.ಮೀ. ಮಳೆ ಎಂದು ಎಣಿಸುವ ಮಾಪಕಕ್ಕೆ 628 ಮಿಲಿಲೀಟರ್ ನೀರನ್ನು ಒಂದು ಗಂಟೆ ಹಿಡಿದು ಹನಿಸಿ. ಸುಮಾರು 100 ಎಣಿಕೆ ಬರಬೇಕು. ಬಹಳ ಕಡಿಮೆ ಬಂದರೆ ಹಿಂದಿನ ಪರೀಕ್ಷೆಯಿಂದ ಈಚಿನ ದಿನಗಳನ್ನೆಲ್ಲ ಅನುಮಾನದ ಪಟ್ಟಿಗೆ ಹಾಕಿ.

ಎಲ್ಲ ದಿನಗಳೂ ಸಮವಲ್ಲ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟು ನಡುಗಡ್ಡೆಗಳು ಮುಳುಗುವ ವಾರ ತಪ್ಪಿಹೋದರೆ ಬೇಸಿಗೆಯ ಒಂದು ತಿಂಗಳು ಅದನ್ನು ತುಂಬಲಾರದು. ಹಾಗಾಗಿ ಮಳೆಗಾಲದ ಲೆಕ್ಕ ಬೇರೆಯೇ ಇಡಿ.

ಕೊನೆಗೆ, ಕೇಂದ್ರವಿಲ್ಲದೆ ಮೈಸೂರಿನಿಂದ ವಾರಕ್ಕೊಮ್ಮೆ ಹೋಗಿಬಂದರೆ ಎಷ್ಟಾಗುತ್ತದೆ, ಯಾವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ವಾರದ ಮಾದರಿಯೇ ಸಾಕಾಗುವ ಅಧ್ಯಯನಕ್ಕೆ ಕಾಯಂ ಕೇಂದ್ರ ಬೇಡ.