ಗುಂಯ್ ಅಂದು ನಿಂತುಬಿಡುತ್ತಿದ್ದ ನನ್ನ ಕಂಪ್ರೆಸರ್

ನಮ್ಮ ಮನೆ ಸಾಗರದ ಹತ್ತಿರ. ಹಿಂದಿನ ಕೊಟ್ಟಿಗೆಯಲ್ಲಿ ದನ ಇಲ್ಲದೆ ವರ್ಷಗಳಾದವು. ಈಗ ಅಲ್ಲಿ ನನ್ನ ಮರಗೆಲಸದ ಸಾಮಾನು ತುಂಬಿದೆ. ಬಾಗಿಲು, ಕುರ್ಚಿಗಳಿಗೆ ಪಾಲಿಶ್ ಹೊಡೆಯಲು ಎರಡು ವರ್ಷದ ಹಿಂದೆ ಒಂದು ಹಳೇ ಕಂಪ್ರೆಸರ್ (ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರ) ತಂದೆ. ಪಂಕ್ಚರ್ ಅಂಗಡಿ ಮುಚ್ಚಿದವರೊಬ್ಬರು ಮಾರಿದ್ದು. 2 ಎಚ್‌ಪಿ, ಸಿಂಗಲ್ ಫೇಸ್, ಬೆಲ್ಟ್ ಇರುವ ಮಾದರಿ.

ಬೆಳಿಗ್ಗೆ ಖಾಲಿ ಟ್ಯಾಂಕಿನಲ್ಲಿ ಆನ್ ಮಾಡಿದರೆ ಚೆನ್ನಾಗಿ ಶುರುವಾಗುತ್ತಿತ್ತು. ಗಾಳಿಯ ಒತ್ತಡ 8 ಕೆಜಿ (ಚದರ ಸೆಂ.ಮೀ.ಗೆ) ತಲುಪಿದಾಗ ತಾನೇ ಆಫ್ ಆಗುತ್ತಿತ್ತು. ಗಾಳಿ ಖರ್ಚಾಗಿ ಗೇಜು 6ಕ್ಕೆ ಇಳಿದಾಗ ಮತ್ತೆ ಶುರುವಾಗಬೇಕಲ್ಲ, ಅಲ್ಲೇ ತಕರಾರು. ಗುಂಯ್ ಅಂತ ಸದ್ದು, ಪುಲ್ಲಿ ಒಂಚೂರು ಅಲ್ಲಾಡುವುದು, ಕೆಲವು ಸೆಕೆಂಡಿಗೆ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುವುದು. ನಾನು ಕೆಳಗಿನ ಡ್ರೈನ್ ಕಾಕ್ ತೆಗೆದು ಗಾಳಿಯನ್ನೆಲ್ಲ ಬಿಟ್ಟು, ಸೊನ್ನೆಯಿಂದ ಮತ್ತೆ ತುಂಬಿಸುತ್ತಿದ್ದೆ. ಹೀಗೆ ಮೂರು ತಿಂಗಳು ಕಳೆದೆ ಅಂದರೆ ನನಗೇ ನಾಚಿಕೆ.

ಮೋಟಾರ್ ಗುಂಯ್ ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು, ಕಂಡೆನ್ಸರ್ (ಮೋಟಾರ್ ಎದ್ದೇಳಲು ನೆರವಾಗುವ ಕೆಪಾಸಿಟರ್) ಹೋಗಿದೆ. ರಿವೈಂಡಿಂಗ್ ಅಂಗಡಿಯವರೂ ಅದನ್ನೇ ಹೇಳಿದರು. ಹೊಸದು ಹಾಕಿದೆ, ಏನೂ ಬದಲಾಗಲಿಲ್ಲ. ಆಮೇಲೆ ಹಳೆಯದನ್ನೇ ಮೀಟರಿಗೆ ಹಿಡಿದು ನೋಡಿದೆ. ಮೇಲೆ ಬರೆದಿದ್ದು 100–120 ಎಂಎಫ್‌ಡಿ (ಮೈಕ್ರೋಫ್ಯಾರಡ್), ಮೀಟರ್ ತೋರಿಸಿದ್ದು 108. ಸರಿಯಾಗಿದ್ದದ್ದನ್ನು ಕಿತ್ತು ಸರಿಯಾದ ಇನ್ನೊಂದನ್ನು ಹಾಕಿದ್ದೆ! (ನೀವೂ ನೋಡುವುದಾದರೆ ಮೊದಲು ಪ್ಲಗ್ ಕಿತ್ತು, ಕಂಡೆನ್ಸರಿನ ಎರಡೂ ಕಾಲುಗಳಿಗೆ 100 ವಾಟಿನ ಹಳೇ ಬಲ್ಬ್ ಮುಟ್ಟಿಸಿ ಒಳಗಿನ ಕರೆಂಟು ಇಳಿಸಿ. ಪ್ಲಗ್ ಕಿತ್ತಮೇಲೂ ಅದು ಹೊಡೆಯುತ್ತದೆ.)

ಖಾಲಿ ಟ್ಯಾಂಕಿನಲ್ಲಿ ಓಡುವ ಮೋಟಾರ್ ತುಂಬಿದ ಟ್ಯಾಂಕಿನಲ್ಲಿ ಓಡುವುದಿಲ್ಲ ಅಂದರೆ ಮೋಟಾರಿನ ಮೇಲೆ ಏಕೆ ಅನುಮಾನ? ಈ ಸರಳ ಪ್ರಶ್ನೆ ನನಗೆ ಹೊಳೆದದ್ದು ತಡವಾಗಿ. ಬೆಲ್ಟ್ ಬಿಚ್ಚಿ ಬರೀ ಮೋಟಾರ್ ಓಡಿಸಿದೆ. ಥಟ್ಟನೆ ಶುರುವಾಯಿತು. ಬೆಲ್ಟ್ ಹಾಕಿ, ಪ್ಲಗ್ ಕಿತ್ತು, ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿದೆ. ಖಾಲಿ ಟ್ಯಾಂಕಿಗೆ ಸಲೀಸು. ಗೇಜು 6ರಲ್ಲಿದ್ದಾಗ ಒಂದು ಕಡೆ ಬಂದು ಗಟ್ಟಿಯಾಗಿ ನಿಂತು ಕೈಯನ್ನೇ ಹಿಂದಕ್ಕೆ ತಳ್ಳಿತು. ಹೆಡ್ಡಿನಲ್ಲಿ (ಗಾಳಿ ಒತ್ತುವ ಪಿಸ್ಟನ್ನಿನ ಮೇಲ್ಭಾಗ) ಗಾಳಿ ಸಿಕ್ಕಿಹಾಕಿಕೊಂಡಿದೆ ಅನ್ನುವುದು ಖಚಿತವಾಯಿತು.

ಇದು ಹೇಗೆ ಕೆಲಸ ಮಾಡಬೇಕು ಅಂತ ಸ್ವಲ್ಪ ಹೇಳುತ್ತೇನೆ. ಹೆಡ್ಡಿನಿಂದ ಬರುವ ಪೈಪು ಟ್ಯಾಂಕಿಗೆ ಸೇರುವಲ್ಲಿ ಹಿತ್ತಾಳೆಯ ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್) ಇರುತ್ತದೆ. ಗಾಳಿ ಒಳಗೆ ಹೋಗಬಹುದು, ಹಿಂದೆ ಬರಬಾರದು. ಅಲ್ಲಿಂದ ಒಂದು ಸಣ್ಣ ನಳಿಗೆ ಪ್ರೆಷರ್ ಸ್ವಿಚ್ಚಿನ (ಒತ್ತಡ ನೋಡಿ ಮೋಟಾರನ್ನು ತಾನೇ ಆನ್-ಆಫ್ ಮಾಡುವ ಸ್ವಿಚ್ಚು) ಕೆಳಗಿನ ಅನ್‌ಲೋಡರ್ ವಾಲ್ವಿಗೆ ಹೋಗುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಆ ವಾಲ್ವ್ ತೆರೆದು, ಪೈಪಿನಲ್ಲಿ ಉಳಿದ ಗಾಳಿಯನ್ನು ಪುಸ್ ಅಂತ ಹೊರಗೆ ಬಿಡುತ್ತದೆ. ಮುಂದಿನ ಸಲ ಮೋಟಾರ್ ಹಗುರವಾಗಿ ಎದ್ದೇಳಲಿ ಅಂತಲೇ ಈ ಏರ್ಪಾಡು. ನನ್ನ ಕಂಪ್ರೆಸರ್ ನಿಲ್ಲುವಾಗ ಆ ಪುಸ್ ಸದ್ದು ಒಂದು ದಿನವೂ ಕೇಳಿರಲಿಲ್ಲ. ಇರಬೇಕು ಅನ್ನುವುದೇ ಗೊತ್ತಿರಲಿಲ್ಲ.

ನಳಿಗೆ ಬಿಚ್ಚಿ ನೋಡಿದರೆ ಬಾಯಿಗೆ ಎಂ-ಸೀಲ್ (ಒಣಗಿ ಗಟ್ಟಿಯಾಗುವ ಮೆತ್ತುವ ಅಂಟು) ಮೆತ್ತಿದ್ದಾರೆ! ಯಾರೋ ಹಿಂದಿನವರ ಕೈಚಳಕ. ಯಾಕೆ ಅಂತ ಅವತ್ತೇ ಅರ್ಥವಾಯಿತು. ಎಂ-ಸೀಲ್ ಕೆರೆದು ತೆಗೆದು ಓಡಿಸಿದೆ. ನಿಂತ ಮೇಲೆ ಸುಸ್ಸ್ ಅನ್ನುವ ಸದ್ದು ನಿಲ್ಲಲೇ ಇಲ್ಲ. ಟ್ಯಾಂಕಿನ ಗಾಳಿಯೇ ಎನ್‌ಆರ್‌ವಿ ದಾಟಿ ಹಿಂದೆ ಬಂದು ಸೋರುತ್ತಿತ್ತು. ಸೋರುವುದನ್ನು ನಿಲ್ಲಿಸಲು ಪುಣ್ಯಾತ್ಮ ಬಾಯಿಯನ್ನೇ ಮುಚ್ಚಿದ್ದ. ಸೋರುವುದು ನಿಂತಿತು, ಭಾರವೆಲ್ಲ ಮೋಟಾರಿನ ತಲೆಗೆ ಬಂತು.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೇಜು ಸೊನ್ನೆ ಅಂತ ಎರಡು ಸಲ ನೋಡಿಕೊಂಡು ಎನ್‌ಆರ್‌ವಿ ಬಿಚ್ಚಿದೆ. ಗಾಳಿ ಇರುವಾಗ ಮಾತ್ರ ದಯವಿಟ್ಟು ಅದಕ್ಕೆ ಸ್ಪ್ಯಾನರ್ ಹಾಕಬೇಡಿ. ಒಳಗಿನ ರಬ್ಬರ್ ಬಿಲ್ಲೆ ಬಿಸಿಗೆ ಕಲ್ಲಿನ ಹಾಗಾಗಿತ್ತು, ಸುತ್ತ ಕಪ್ಪು ಮಸಿ ಅಂಟಿತ್ತು. ಬಿಲ್ಲೆ ಮಾತ್ರ ಸಿಗಲಿಲ್ಲ, ಅದೇ ಅಳತೆಯ ಇಡೀ ಎನ್‌ಆರ್‌ವಿ ತಂದು ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿದೆ. ಈಗ ನಿಂತಾಗ ಎರಡು ಸೆಕೆಂಡ್ ಪುಸ್, ಆಮೇಲೆ ಸದ್ದೇ ಇಲ್ಲ. 6 ಕೆಜಿಯಲ್ಲಿ ಮತ್ತೆ ಶುರುವಾದಾಗ ನಾನು ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ.

ಆ ಖುಷಿ ಸಂಜೆವರೆಗೆ ಇತ್ತು. ಏಳು ಗಂಟೆಗೆ ಖಾಲಿ ಟ್ಯಾಂಕಿನಲ್ಲೇ ಮತ್ತೆ ಗುಂಯ್!

ಈ ಸಲ ಮೀಟರ್ ಹಿಡಿದು ಕೂತೆ. ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುವುದು ಹೊಸದೇನಲ್ಲ. ಮನೆಯ ಬೋರ್ಡಿನಲ್ಲಿ 190 ಇತ್ತು. ಅಲ್ಲಿಂದ ಕೊಟ್ಟಿಗೆಗೆ 30 ಮೀಟರ್ ಎಕ್ಸ್‌ಟೆನ್ಶನ್ ವೈರ್, ಅದೂ 1 ಸ್ಕ್ವೇರ್ ಎಂಎಂ ದಪ್ಪದ ಸಣಕಲು ತಂತಿ. ಹೋಗಿ ಬರುವ ಎರಡೂ ತಂತಿ ಸೇರಿದರೆ 60 ಮೀಟರ್ ತಾಮ್ರ, ಸುಮಾರು 1.1 ಓಮ್ ತಡೆ. ಓಡುವಾಗ 10 ಆಂಪಿಯರ್ ಎಳೆಯುವ ಮೋಟಾರ್ ಎದ್ದೇಳುವಾಗ 40 ಎಳೆದರೂ, ತಂತಿಯಲ್ಲೇ 44 ವೋಲ್ಟ್ ಹೋಯಿತು. ಮೋಟಾರಿಗೆ ಉಳಿದದ್ದು 146. ಇಂಥ ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಕುಸಿಯುತ್ತದೆ. 230ಕ್ಕೆ ಹೋಲಿಸಿದರೆ ಬಲ ಅರ್ಧವೂ ಉಳಿಯಲಿಲ್ಲ. ಹೀಗಿರುವಾಗ ಅದು ಎದ್ದೇಳುವುದೆಲ್ಲಿಂದ?

ವೋಲ್ಟೇಜ್ ಏರಿಸುವುದು ನನ್ನ ಕೈಯಲ್ಲಿಲ್ಲ. 4 ಸ್ಕ್ವೇರ್ ಎಂಎಂ ವೈರ್ ಎಳೆಸಿದ್ದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತಿತ್ತು, ಆದರೆ ಖರ್ಚು ಜಾಸ್ತಿ. ಬದಲಿಗೆ ಕಂಪ್ರೆಸರನ್ನೇ ಎತ್ತಿ ಮನೆಯ ಹಿಂದಿನ ಜಗುಲಿಗೆ, ಬೋರ್ಡಿನ ಪಕ್ಕ ತಂದಿಟ್ಟೆ. ಕರೆಂಟಿನ ವೈರ್ ಬದಲು ಗಾಳಿಯ ಪೈಪನ್ನು ಕೊಟ್ಟಿಗೆವರೆಗೆ ಎಳೆದೆ. ಪೈಪಿನ ತುದಿಯಲ್ಲಿ ಒತ್ತಡ ತುಸು ಕಡಿಮೆ ಆಗುತ್ತದೆ ನಿಜ, ಪಾಲಿಶ್ ಗನ್ನಿಗೆ ಅದೇನೂ ತೊಂದರೆ ಕೊಟ್ಟಿಲ್ಲ. ಸಂಜೆಯೂ ಈಗ ಶುರುವಾಗುತ್ತದೆ. ವೋಲ್ಟೇಜ್ 180ಕ್ಕೂ ಕೆಳಗಿದ್ದರೆ ನಾನೇ ಆನ್ ಮಾಡುವುದಿಲ್ಲ. ಗುಂಯ್ ಅನ್ನಿಸಿ ಮೋಟಾರಿನ ವೈಂಡಿಂಗ್ (ಒಳಗಿನ ತಂತಿಸುರುಳಿ) ಸುಡುವುದಕ್ಕಿಂತ ಮರಕ್ಕೆ ಸುಮ್ನೆ ಉಪ್ಪುಕಾಗದ ಉಜ್ಜುತ್ತ ಕೂರುವುದು ವಾಸಿ.

ಅಮ್ಮನ ದೂರು ಮಾತ್ರ ಹೊಸದಾಗಿ ಶುರುವಾಗಿದೆ. "ಇದನ್ನ ತಂದು ಅಡುಗೆಮನೆ ಗೋಡೆಗೇ ಅಂಟಿಸಿದ್ಯಲ್ಲೋ, ಕುಕ್ಕರ್ ಎಷ್ಟು ಸಲ ಕೂಗ್ತು ಅಂತಾನೂ ಕೇಳ್ಸಲ್ಲ" ಅಂತ. ಅದಕ್ಕೆ ಅಡುಗೆ ಮುಗಿಯುವ ತನಕ ನಾನು ಪಾಲಿಶಿಗೆ ಕೈ ಹಾಕುವುದಿಲ್ಲ.